ಬಿಚ್ಚಿದರೆ ಬಿಚ್ಚಿಕೊಳ್ಳುವ ಪವಾಡ

ಫ್ರೇಮ್‌ವರ್ಕ್ ಎಂಬ ಅಮೆರಿಕದ ಕಂಪನಿಯ ಹೊಸ ಲ್ಯಾಪ್‌ಟಾಪ್ ಸುದ್ದಿ ನೀವೂ ಓದಿರುತ್ತೀರಿ. ಸ್ಕ್ರೂ ಬಿಚ್ಚಿದರೆ ಬಿಚ್ಚಿಕೊಳ್ಳುತ್ತದಂತೆ! ಬ್ಯಾಟರಿ ಹೋದರೆ ಬೇರೆ ಬ್ಯಾಟರಿ ಹಾಕಬಹುದಂತೆ! ಕೀಬೋರ್ಡ್ ಕೆಟ್ಟರೆ ಕೀಬೋರ್ಡನ್ನೇ ಬದಲಿಸಬಹುದಂತೆ, ಇಡೀ ಲ್ಯಾಪ್‌ಟಾಪನ್ನಲ್ಲ! ಜನ ಮೂಗಿನ ಮೇಲೆ ಬೆರಳಿಟ್ಟಿದ್ದಾರೆ. ಚಂದ್ರಯಾನ ಇಳಿದ ದಿನವೂ ನಮ್ಮ ಓಣಿಯಲ್ಲಿ ಇಷ್ಟು ಚರ್ಚೆ ಆಗಿರಲಿಲ್ಲ.

ಕಂಪನಿ 2021ರಿಂದಲೂ ಇದನ್ನೇ ಮಾಡುತ್ತಾ ಬಂದಿದೆ. ಪೆಟ್ಟಿಗೆಯಲ್ಲೇ ಒಂದು ಸ್ಕ್ರೂಡ್ರೈವರ್ ಇಟ್ಟು ಕಳಿಸುತ್ತದೆ. ಒಳಗಿನ ಭಾಗಗಳ ಮೇಲೆ ಕ್ಯೂಆರ್ ಕೋಡ್ ಇರುತ್ತದೆ. ಸ್ಕ್ಯಾನ್ ಮಾಡಿದರೆ ಅದು ಏನು, ಹೇಗೆ ಬಿಚ್ಚಬೇಕು ಅಂತ ತೋರಿಸುತ್ತದೆ. ಪಕ್ಕದ ಯುಎಸ್‌ಬಿ, ಎಚ್‌ಡಿಎಂಐ ಪೋರ್ಟುಗಳೂ ಚಿಕ್ಕ ಚಿಕ್ಕ ತುಂಡುಗಳು. ಯಾವುದು ಬೇಕೋ ಅದನ್ನು ಬೇಕಾದ ಕಡೆ ಸಿಕ್ಕಿಸಿಕೊಳ್ಳಬಹುದು. 2021ರಲ್ಲಿ ಕೊಂಡವರು ಅದೇ ಮೈಯೊಳಗೆ ಹೊಸ ಪ್ರೊಸೆಸರ್ ಇರುವ ಬೋರ್ಡ್ ಕೂರಿಸಿಕೊಂಡು ಮುಂದೆ ಹೋಗುತ್ತಿದ್ದಾರೆ. ಸಾಮಾನುಗಳನ್ನು ಬಿಚ್ಚಿ ನೋಡಿ ಅಂಕ ಕೊಡುವ ಐಫಿಕ್ಸಿಟ್‌ನವರು ಇದಕ್ಕೆ 10ಕ್ಕೆ 10 ಕೊಟ್ಟರು.

ಬಳ್ಳಾರಿಯ ಯಾವ ಅಂಗಡಿಯಲ್ಲೂ ನಾನು ಇದನ್ನು ಕಂಡಿಲ್ಲ. ಮುಟ್ಟಿದವರನ್ನೂ ಕಂಡಿಲ್ಲ. ಆದರೆ ರಾಯಲ್ ಸರ್ಕಲ್ಲಿನಿಂದ ಕೌಲ್ ಬಜಾರಿನವರೆಗೆ ಅದರ ಬಗ್ಗೆ ಅಭಿಪ್ರಾಯ ಇಲ್ಲದವರೂ ಕಾಣುತ್ತಿಲ್ಲ.

ಮೊದಲ ಆಕ್ಷೇಪ, ದಪ್ಪ ಆಯಿತು ಅನ್ನುವುದು. ಸರಿ, ಅಳೆದೇ ಬಿಡೋಣ. ಫ್ರೇಮ್‌ವರ್ಕಿನ 13 ಇಂಚಿನ ಲ್ಯಾಪ್‌ಟಾಪಿನ ದಪ್ಪ 15.85 ಮಿಲಿಮೀಟರ್. ಆಪಲ್‌ನ ಮ್ಯಾಕ್‌ಬುಕ್ ಏರ್ 11.3 ಮಿಲಿಮೀಟರ್. ತೂಕದಲ್ಲಿ ಫ್ರೇಮ್‌ವರ್ಕ್ 1.3 ಕೆಜಿ, ಏರ್ 1.24 ಕೆಜಿ. ವ್ಯತ್ಯಾಸ 60 ಗ್ರಾಂ. ನಮ್ಮ ಕಡೆ ಮಂಡಕ್ಕಿ ಒಗ್ಗರಣಿ ಜೊತೆ ತಟ್ಟೆಗೆ ಬೀಳುವ ಮಿರ್ಚಿಗಳೇ ಅದಕ್ಕಿಂತ ಜಾಸ್ತಿ ತೂಗುತ್ತವೆ. ಅದನ್ನು ತಿಂದು ಮೇಲೆ ಇನ್ನೊಂದು ಪ್ಲೇಟ್ ಹೇಳುವ ಮನುಷ್ಯ ಈ 60 ಗ್ರಾಂ ಹೊರಲಾರೆ ಅಂತ ಕೂತಿದ್ದಾನೆ.

ಇದಕ್ಕೆಲ್ಲ ಮೂಲ ಒಂದು ಲಕೋಟೆ. 2008ರ ಜನವರಿಯಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ವೇದಿಕೆ ಮೇಲೆ ನಿಂತು ಕಾಗದದ ಲಕೋಟೆಯೊಳಗಿಂದ ಲ್ಯಾಪ್‌ಟಾಪ್ ಎಳೆದು ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. ಅವತ್ತಿನಿಂದ ಇಡೀ ಜಗತ್ತಿಗೆ ಲಕೋಟೆ ಹುಚ್ಚು ಹಿಡಿಯಿತು. ನಮ್ಮೂರಲ್ಲಿ ಲ್ಯಾಪ್‌ಟಾಪನ್ನು ಲಕೋಟೆಯಲ್ಲಿ ಇಟ್ಟುಕೊಂಡು ಓಡಾಡುವವರು ಯಾರಿದ್ದಾರೆ? ಸಂಡೂರು ಬಸ್ ಹಿಡಿಯುವ ಮೇಷ್ಟ್ರ ಬ್ಯಾಗ್ ನೋಡಿ. ಟಿಫನ್ ಡಬ್ಬಿ, ಎರಡು ಲೀಟರ್ ನೀರು, ಉತ್ತರ ಪತ್ರಿಕೆಗಳ ಕಟ್ಟು, ದಾರಿಯಲ್ಲಿ ಕೊಂಡ ಬದನೆಕಾಯಿ. ಇವೆಲ್ಲದರ ಅಡಿಯಲ್ಲಿ ಲ್ಯಾಪ್‌ಟಾಪ್. ಆ ಬ್ಯಾಗಿನ ಮೇಲೆ ಪಕ್ಕದ ಸೀಟಿನ ಮಗು. ಕಂಡಕ್ಟರ್ ಟಿಕೆಟ್ ಕೊಡಲು ಒರಗುವುದೂ ಅದರ ಮೇಲೆಯೇ. ಈ ಮೇಷ್ಟ್ರಿಗೆ ನಾಲ್ಕೂವರೆ ಮಿಲಿಮೀಟರ್ ಉಳಿಸಿಕೊಟ್ಟ ಕಂಪನಿ ಅದಕ್ಕೆ ಬದಲಾಗಿ ಏನು ತೆಗೆದುಕೊಂಡಿತು ಗೊತ್ತಾ? ರ‍್ಯಾಮ್ ಅನ್ನುವ ಮೆಮೊರಿ ಹಾಕುವ ಸ್ಲಾಟ್ ತೆಗೆದುಕೊಂಡಿತು. 2012ರ ರೆಟಿನಾ ಮ್ಯಾಕ್‌ಬುಕ್ ಪ್ರೋ ಬರುವ ಹೊತ್ತಿಗೆ ರ‍್ಯಾಮ್ ಬೋರ್ಡಿಗೇ ಬೆಸುಗೆ, ಬ್ಯಾಟರಿಗೆ ಗೋಂದು, ಸ್ಕ್ರೂಗಳ ತಲೆಗೆ ಐದು ದಳದ ವಿಚಿತ್ರ ತೂತು. ಐಫಿಕ್ಸಿಟ್ ಅದಕ್ಕೆ 10ಕ್ಕೆ 1 ಅಂಕ ಕೊಟ್ಟಿತು. ಉಳಿದ ಕಂಪನಿಗಳು ಆ ಫೇಲಾದ ಹುಡುಗನ ಉತ್ತರ ಪತ್ರಿಕೆಯನ್ನೇ ಕಾಪಿ ಹೊಡೆದವು.

ಎರಡನೆಯ ಆಕ್ಷೇಪ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಅಳಿಯನದು. "ಮಾವ, ರಿಪೇರಿ ಮಾಡ್ಕೋಬಹುದು ಅಂತ ಕಂಪನಿನೇ ಹೇಳ್ತಿದೆ ಅಂದ್ರೆ, ಕೆಡ್ತದ ಅಂತ ಅವ್ರೇ ಒಪ್ಕೊಂಡಂಗಾಯ್ತಲ್ಲ?" ಅಬ್ಬಾ! ಎಂಜಿನಿಯರಿಂಗ್ ಸೀಟಿಗೆ ಸುರಿದ ದುಡ್ಡು ವ್ಯರ್ಥವಾಗಿಲ್ಲ. ಅವನ ಲೆಕ್ಕದಲ್ಲಿ ಬಿಚ್ಚಲು ಬರದ ಸಾಮಾನು ಕೆಡುವುದೇ ಇಲ್ಲ. ಅವನೇ ಲ್ಯಾಪ್‌ಟಾಪ್ ಬದಲಿಸುತ್ತಲೇ ಇರುತ್ತಾನೆ. ಕೆಟ್ಟು ಹೋಗಿದ್ದಕ್ಕಲ್ಲ, "ಸ್ಲೋ ಆಯ್ತು" ಅಂತ.

ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಸುವ ಯೂನಿಟ್ ಇಟ್ಟಿರುವ ಪರಿಚಯದವರೊಬ್ಬರಿದ್ದಾರೆ. ಅವರಿಗೆ ಈ ಸುದ್ದಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇದ್ರಾಗ ಹೊಸಾದೇನೈತ್ರೀ ಸಾರ್? ಬಿಚ್ಚಾಕ ಬರದ ಮಷಿನ್ ಯಾವನ್ ತಗೊಂತಾನ?" ಅವರ ಯೂನಿಟ್ಟಿನಲ್ಲಿ ಸಾಲಾಗಿ ಹೊಲಿಗೆ ಮಷಿನ್‌ಗಳಿವೆ. ಬೆಲ್ಟ್ ಹೋದರೆ ಬೆಲ್ಟ್, ಬಾಬಿನ್ ಕೇಸ್ ಸವೆದರೆ ಬಾಬಿನ್ ಕೇಸ್, ಮೋಟಾರ್ ಸುಟ್ಟರೆ ವೈಂಡಿಂಗ್. ಮೆಕ್ಯಾನಿಕ್ ಬೈಕಿನಲ್ಲಿ ಚೀಲ ಹಾಕಿಕೊಂಡು ಬರುತ್ತಾನೆ. ಚಹಾ ಆರುವುದರೊಳಗೆ ಮಷಿನ್ ಮತ್ತೆ ಓಡುತ್ತಿರುತ್ತದೆ. ಮಷಿನ್ ಒಂದು ದಿನ ನಿಂತರೆ ಎಷ್ಟು ಪ್ಯಾಂಟ್ ಕಡಿಮೆ ಅಂತ ಅವರಿಗೆ ಬಾಯಲ್ಲೇ ಲೆಕ್ಕ. ಇಂಥ ಮನುಷ್ಯ ಮಗಳಿಗೆ ಕೊಡಿಸಿದ ಲ್ಯಾಪ್‌ಟಾಪಿನ ಹಿಂಜ್ ಮುರಿದಾಗ ಏನು ಮಾಡಿದರು? ಹೊಸದು ಕೊಡಿಸಿದರು. ಇಎಂಐ ಮೇಲೆ. ಹಳೆಯದು ಅಟ್ಟದ ಮೇಲಿದೆ. ಯಾಕೆ ಅಂತ ಕೇಳಿದೆ. "ಅದು ಲ್ಯಾಪ್‌ಟಾಪ್ ಅಲ್ರೀ ಸಾರ್" ಅಂದರು. ಅವರ ಮಟ್ಟಿಗೆ ಮಾತು ಮುಗಿಯಿತು. ಲಕ್ಷ ಖರ್ಚು ಮಾಡಿ ಜಾಹೀರಾತು ಬರೆಸಿದರೂ ಕಂಪನಿಗಳಿಗೆ ಇಂಥ ಸಾಲು ಸಿಗುವುದಿಲ್ಲ.

ಇನ್ನು ಈ 'ಸ್ಲೋ ಆಯ್ತು' ಅನ್ನುವ ರೋಗ. ಇದರ ಬಗ್ಗೆ ನಮ್ಮ ಸೀಮೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹೊಸಪೇಟೆ, ಸಂಡೂರು, ತೋರಣಗಲ್ಲು ಕಡೆಯ ಕೆಂಪು ಧೂಳು ಗೊತ್ತಲ್ಲ. ಅದಿರು ಲಾರಿ ಹೋದ ಮೇಲೆ ಬಿಳಿ ಅಂಗಿಯೂ ಕಾವಿಯಾಗುತ್ತದೆ. ಆ ಧೂಳಿಗೆ ಲ್ಯಾಪ್‌ಟಾಪಿನ ಫ್ಯಾನ್ ಅಂದರೆ ಪ್ರಾಣ. ಒಳಗೆ ಹೋಗಿ, ಬಿಸಿ ಹೊರಗೆ ಹೋಗುವ ಸಂದಿಗಳಲ್ಲಿ ಕಂಬಳಿ ಹಾಸಿಕೊಂಡು ಮಲಗುತ್ತದೆ. ಗಾಳಿ ಆಡುವುದಿಲ್ಲ. ಹೊರಗೆ 42 ಡಿಗ್ರಿ, ಒಳಗೆ ಇನ್ನೂ ಜಾಸ್ತಿ. ಆಗ ಪ್ರೊಸೆಸರ್ ಸುಟ್ಟುಹೋಗಬಾರದು ಅಂತ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಇದು ಕೆಟ್ಟಿದ್ದಲ್ಲ, ಬುದ್ಧಿವಂತಿಕೆ. ಹಿಂದಿನ ಮುಚ್ಚಳ ತೆಗೆದು ಬ್ರಷ್ಷಿನಲ್ಲಿ ಗುಡಿಸಿ, ಪ್ರೊಸೆಸರಿನ ಬಿಸಿ ದಾಟಿಸುವ, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದರೆ ಮತ್ತೆ ಕುದುರೆ ಹಾಗೆ ಓಡುತ್ತದೆ.

ಆದರೆ ಮುಚ್ಚಳ ತೆಗೆಯಲು ಹೋದರೆ ಸ್ಕ್ರೂ ಮೇಲೆ ಸ್ಟಿಕ್ಕರ್. ಇದು ಹರಿದರೆ ವಾರಂಟಿ ರದ್ದು. ಆ ಅಂಗೈ ಮೂಲೆಯಷ್ಟು ಕಾಗದಕ್ಕೆ ನಾವು ಹೆದರುವಷ್ಟು ಊರಮ್ಮನಿಗೂ ಹೆದರುವುದಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲೇ ಆರು ಕಂಪನಿಗಳಿಗೆ ಪತ್ರ ಬರೆದು, ಹೀಗೆ ವಾರಂಟಿ ಹೆಸರಲ್ಲಿ ಹೆದರಿಸುವುದು ಕಾನೂನಿಗೆ ವಿರುದ್ಧ ಅಂತ ಎಚ್ಚರಿಸಿತು. ಅಲ್ಲಿ ಸ್ಟಿಕ್ಕರಿಗೆ ಕಾಗದದ ಬೆಲೆ. ಇಲ್ಲಿ ಅದು ರಕ್ಷಾಯಂತ್ರ.

ನನ್ನದೊಂದು ಲ್ಯಾಪ್‌ಟಾಪಿಗೆ ಚಾರ್ಜರ್ ಪಿನ್ ಸಡಿಲವಾಯಿತು. ವಾರಂಟಿ ಮುಗಿದಿತ್ತು. ಸರ್ವಿಸ್ ಸೆಂಟರಿಗೆ ಒಯ್ದೆ. ಎಸಿ ರೂಮು, ಟೋಕನ್, ಟೈ ಕಟ್ಟಿದ ಹುಡುಗ. ಬಿಚ್ಚಿಯೂ ನೋಡಲಿಲ್ಲ. "ಬೋರ್ಡ್ ಚೇಂಜ್ ಮಾಡ್ಬೇಕಾಗ್ತದೆ ಸಾರ್" ಅಂದ. ಅವನು ಹೇಳಿದ ರೇಟಿಗೆ ಅರ್ಧ ಲ್ಯಾಪ್‌ಟಾಪ್ ಬರುತ್ತಿತ್ತು. ಪಿನ್ ಒಂದೇ ಹಾಕಲು ಬರಲ್ವಾ ಅಂದರೆ, ಪಿನ್ ಬೇರೆ ಸಪ್ಲೈ ಇಲ್ಲವಂತೆ. ಆಮೇಲೆ ದನಿ ತಗ್ಗಿಸಿ ಹೇಳಿದ, "ಎಕ್ಸ್‌ಚೇಂಜ್ ಆಫರ್ ಐತಿ ಸಾರ್, ಈ ತಿಂಗಳು ಮಾತ್ರ."

ಅದನ್ನು ಕೊನೆಗೆ ಸರಿ ಮಾಡಿದ್ದು ಮೊಬೈಲ್ ಅಂಗಡಿಗಳ ಸಂದಿಯಲ್ಲಿ ಕೂರುವ ಒಬ್ಬ ಹುಡುಗ. ಒಂದು ಮೇಜು, ಒಂದು ಬೆಸುಗೆ ಕಡ್ಡಿ, ಒಂದು ಭೂತಗನ್ನಡಿ. ಗುಜರಿ ಬೋರ್ಡಿನಿಂದ ಪಿನ್ ಕಿತ್ತು ಹಾಕಿದ. ಎಷ್ಟು ಕೇಳಿದ ಅಂತ ಬರೆಯಲು ನನಗೇ ನಾಚಿಕೆ. ಇವನಿಗೆ ಯಾವ ಕಂಪನಿಯೂ ಬೋರ್ಡಿನ ನಕ್ಷೆ ಕೊಡುವುದಿಲ್ಲ. ಬಿಡಿಭಾಗ ಮಾರುವುದಿಲ್ಲ. ಕತ್ತಲಲ್ಲಿ ತಡವಿ ಕಲಿತಿದ್ದಾನೆ. ಕಂಪನಿಯ ಕಾಗದದಲ್ಲಿ ಅವನ ಹೆಸರು 'ಅನಧಿಕೃತ'. ಕೆಲಸ ಗೊತ್ತಿದ್ದವನು ಅನಧಿಕೃತ, ಬಿಚ್ಚಿಯೂ ನೋಡದವನು ಅಧಿಕೃತ.

ಇಲ್ಲಿ ನನಗೆ ನಗು ಬರುವುದಿಲ್ಲ. ಸಿರುಗುಪ್ಪದ ಕಡೆಯಿಂದ ಬಳ್ಳಾರಿಗೆ ಡಿಗ್ರಿ ಓದಲು ಬರುವ ಹುಡುಗಿಗೆ ಅಪ್ಪ ಭತ್ತ ಮಾರಿದ ದುಡ್ಡಲ್ಲಿ ಲ್ಯಾಪ್‌ಟಾಪ್ ಕೊಡಿಸಿರುತ್ತಾನೆ. ಅಗ್ಗದ್ದು, 4 ಜಿಬಿ ರ‍್ಯಾಮ್. ಎರಡನೇ ವರ್ಷಕ್ಕೆ ಅದು ಏದುಸಿರು ಬಿಡುತ್ತದೆ. ಇನ್ನೊಂದು 4 ಜಿಬಿ ಹಾಕಿದ್ದರೆ ಡಿಗ್ರಿ ಮುಗಿಯುವವರೆಗೆ ನಡೆಯುತ್ತಿತ್ತು. ಹಾಕಲು ಜಾಗ ಇಲ್ಲ. ಜಾಗ ಇಲ್ಲದಿರುವುದು ಆಕಸ್ಮಿಕವಲ್ಲ. ಯಾರೋ ಕೂತು ಯೋಚನೆ ಮಾಡಿ ಆ ಜಾಗ ತೆಗೆದಿದ್ದಾರೆ. ಆ ಅಪ್ಪ ಇನ್ನೊಂದು ಬೆಳೆ ಮಾರಬೇಕು. ಇದಕ್ಕೆ ತೆಳ್ಳಗೆ, ಚೆಂದ, ಪ್ರೀಮಿಯಂ ಅಂತ ಹೆಸರು ಬೇರೆ.

ಹಾಗೆ ನೋಡಿದರೆ ನಮ್ಮ ಜನ ರಿಪೇರಿ ಕಂಡಿಲ್ಲದವರಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನ್ ಕಡಿದು ಗೇಟು ನೀರಲ್ಲಿ ಕೊಚ್ಚಿಹೋಯಿತು. ಕೊಪ್ಪಳ, ಬಳ್ಳಾರಿ, ರಾಯಚೂರು ಮೂರೂ ಜಿಲ್ಲೆಯ ರೈತರು ಆ ವಾರ ನಿದ್ದೆ ಮಾಡಲಿಲ್ಲ. ಗೇಟ್ ತಜ್ಞ ಕನ್ನಯ್ಯ ನಾಯ್ಡು ಬಂದರು. ವಿಶ್ರಾಂತಿ ತೆಗೆದುಕೊಳ್ಳುವ ವಯಸ್ಸು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಅನ್ನುವ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ವಾರದಲ್ಲಿ ನೀರು ನಿಲ್ಲಿಸಿದರು. 1953ರ ಡ್ಯಾಮು ಅದು. ಹಲಗೆಗಳು ತಯಾರಾಗಿದ್ದೂ ಈ ಸೀಮೆಯಲ್ಲೇ.

ಅವತ್ತು ನಾಯ್ಡು ಅವರ ಬದಲು ನಮ್ಮ ಟೈ ಹುಡುಗ ಬಂದಿದ್ದರೆ ಅಂತ ನಾನು ಆಗಾಗ ಯೋಚಿಸುತ್ತೇನೆ. ದಂಡೆ ಮೇಲೆ ನಿಂತು ಟೋಕನ್ ಹರಿಯುತ್ತಿದ್ದ. "ಗೇಟ್ ಬೇರೆ ಸಪ್ಲೈ ಇಲ್ಲ ಸಾರ್. ಇಡೀ ಡ್ಯಾಮೇ ಚೇಂಜ್ ಮಾಡ್ಬೇಕಾಗ್ತದೆ. ಹಳೇದು ಕೊಟ್ರೆ ಎಕ್ಸ್‌ಚೇಂಜಲ್ಲಿ ತಗೊಂತೀವಿ. ಒಳಗಿನ ನೀರು ಬ್ಯಾಕಪ್ ಮಾಡ್ಕೊಂಡೀರಾ? ಹೋದ್ರೆ ಕಂಪನಿ ಜವಾಬ್ದಾರಿ ಅಲ್ಲ."

ಹಾಗಂತ ಫ್ರೇಮ್‌ವರ್ಕ್ ಭಕ್ತರ ಸಾಲಿನಲ್ಲಿ ನಾನೂ ಕೂತಿದ್ದೇನೆ ಅಂದುಕೊಳ್ಳಬೇಡಿ. ಆ ಭಕ್ತರಿಗೂ 2025ರಲ್ಲಿ ಒಂದು ಪೆಟ್ಟು ಬಿತ್ತು. ಇದೇ ಕಂಪನಿ ಡೆಸ್ಕ್‌ಟಾಪ್ ತಂದಿತು, ಅದರಲ್ಲಿ ರ‍್ಯಾಮ್ ಬೆಸುಗೆ! ಎಎಂಡಿಯ ಆ ಚಿಪ್ಪಿನ ವೇಗಕ್ಕೆ ಕಳಚುವ ರ‍್ಯಾಮ್ ಹೊಂದುವುದಿಲ್ಲ ಅಂತ ಕಾರಣ ಕೊಟ್ಟರು. ಕಾರಣ ನಿಜವೇ ಇರಬಹುದು. ಆದರೂ ಶಾಕಾಹಾರಿ ಸಂಘದ ಅಧ್ಯಕ್ಷರು ಮಾಂಸದ ಖಾನಾವಳಿಯಿಂದ ಹಲ್ಲು ಚುಚ್ಚಿಕೊಳ್ಳುತ್ತಾ ಹೊರಬಂದಂತೆ ಭಕ್ತರು ಮುಖ ಮಾಡಿಕೊಂಡರು. ಆಮೇಲೆ ರ‍್ಯಾಮ್ ಬೆಲೆಯೇ ಏರಿತು. ಎಐ ಡೇಟಾ ಸೆಂಟರಿನವರು ಮೆಮೊರಿ ಚಿಪ್ಪುಗಳನ್ನು ಮೂಟೆಗಟ್ಟಲೆ ಎತ್ತಿಕೊಂಡು ಹೋಗುತ್ತಿದ್ದಾರೆ. ನಮ್ಮಂಥವರಿಗೆ ರ‍್ಯಾಮ್ ಮಾರುತ್ತಿದ್ದ ಕ್ರೂಶಿಯಲ್ ಬ್ರ್ಯಾಂಡನ್ನೇ ನಿಲ್ಲಿಸುತ್ತೇವೆ ಅಂತ ಮೈಕ್ರಾನ್ ಕಂಪನಿ 2025ರ ಡಿಸೆಂಬರಿನಲ್ಲಿ ಹೇಳಿತು. ಅಂತೂ ಅತ್ತು ಕರೆದು ಸ್ಲಾಟ್ ಸಿಕ್ಕಿತು, ಸ್ಲಾಟಿಗೆ ಹಾಕುವುದು ಸಿಗುತ್ತಿಲ್ಲ.

ವಿಂಡೋಸ್ 10 ಕಥೆ ಹೇಳಿ ನಿಮ್ಮ ಬಿಪಿ ಏರಿಸುವುದಿಲ್ಲ. 2025ರ ಅಕ್ಟೋಬರ್ 14ಕ್ಕೆ ಅದರ ಸಪೋರ್ಟ್ ಮುಗಿಯಿತು. ಹೊಸ ವಿಂಡೋಸಿಗೆ ಇಂಥದ್ದೇ ಸೆಕ್ಯುರಿಟಿ ಚಿಪ್ ಬೇಕು, ಇಂಥದ್ದೇ ಪ್ರೊಸೆಸರ್ ಬೇಕು. ಚೆನ್ನಾಗಿ ಓಡುತ್ತಿರುವ ಯಂತ್ರಗಳು ಒಂದು ದಿನ ಬೆಳಗಾಗುವುದರಲ್ಲಿ ಮುದುಕರಾದವು. ಇದಕ್ಕೆ ಸ್ಕ್ರೂಡ್ರೈವರೂ ಕೆಲಸಕ್ಕೆ ಬರುವುದಿಲ್ಲ.

ಸರ್ಕಾರ ಸುಮ್ಮನೆ ಕೂತಿದೆಯಾ? ಖಂಡಿತ ಇಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಅದೇ ಡಿಸೆಂಬರಿನಲ್ಲಿ ಪೋರ್ಟಲ್ ಬಂತು. ತೆರೆದು ನೋಡಿ. ಕಂಪನಿಗಳ ಹೆಸರು ಸಾಲಾಗಿವೆ. ಒತ್ತಿದರೆ ಕಸ್ಟಮರ್ ಕೇರ್ ನಂಬರ್, ಸರ್ವಿಸ್ ಮಾಹಿತಿ. ಅಂದರೆ ಯಾವ ಬಾಗಿಲಿನಿಂದ ನಮ್ಮನ್ನು ಹೊರಗೆ ಹಾಕಿದ್ದರೋ ಅದೇ ಬಾಗಿಲಿಗೆ ದಾರಿ ತೋರಿಸುವ ಕೈಮರ. 2025ರಲ್ಲಿ ಇನ್ನೊಂದು ಸಮಿತಿ ವರದಿ ಕೊಟ್ಟಿದೆ. ಸಾಮಾನು ಎಷ್ಟು ಸುಲಭವಾಗಿ ರಿಪೇರಿ ಆಗುತ್ತದೆ ಅಂತ ಅಂಕ ಕೊಡಬೇಕಂತೆ, ಕೊಳ್ಳುವವರಿಗೆ ಕಾಣುವಂತೆ ಹಚ್ಚಬೇಕಂತೆ. ಫ್ರಾನ್ಸಿನಲ್ಲಿ 2021ರಿಂದಲೇ ಇಂಥದ್ದಿದೆ, ಲ್ಯಾಪ್‌ಟಾಪಿಗೂ ಇದೆ. ಒಳ್ಳೆಯ ಯೋಚನೆ, ನಾನು ಅಡ್ಡಗಾಲು ಹಾಕುವುದಿಲ್ಲ. ನನ್ನ ಅನುಮಾನ ಇಷ್ಟೇ. ನಮ್ಮ ಕಂಪನಿಗಳು ಆ ಅಂಕದ ಚೀಟಿಯನ್ನೂ ತಂದು ಸರಿಯಾಗಿ ಸ್ಕ್ರೂ ಮೇಲೆಯೇ ಅಂಟಿಸುತ್ತವೆ. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಇದನ್ನು ಕಿತ್ತರೆ ವಾರಂಟಿ ರದ್ದು.