ಡಬ್ಬದ ತಳದಲ್ಲಿದ್ದ ಆಟದ ಸಾಮಾನು

ಬೆಳಗ್ಗೆ ಹಾಲಿಗೆ ಹಾಕ್ಕೊಂಡು ತಿನ್ನೋ ಕಾರ್ನ್‌ಫ್ಲೇಕ್ಸ್ ಥರದ ಸೀರಿಯಲ್‌ನ ಹೊಸ ಡಬ್ಬ ಮನೆಗೆ ಬಂದ್ರೆ ನಾನೂ ಅಣ್ಣನೂ ಮೊದಲು ಮಾಡ್ತಿದ್ದ ಕೆಲ್ಸ ಮೊಣಕೈವರೆಗೂ ಕೈ ಇಳಿಸಿ ಆಟದ ಸಾಮಾನು ಹುಡುಕೋದು. ಕೈಗೆಲ್ಲಾ ಸಕ್ಕರೆ ಪುಡಿ ಅಂಟ್ಕೊಂಡು, ಒಳಗಿನ ಕವರ್ ಹರಿದು ಅರ್ಧ ಟೇಬಲ್ ಮೇಲೆ ಚೆಲ್ಲಿ, ಅಮ್ಮ "ತಿನ್ನೋಕೆ ತಂದಿದ್ದೋ ಕೆದಕೋಕೆ ತಂದಿದ್ದೋ" ಅಂತ ಬೈತಾ ಎಲ್ಲಾ ಬಾಚಿ ಸ್ಟೀಲ್ ಡಬ್ಬಕ್ಕೆ ತುಂಬ್ತಿದ್ರು. ಸಾಮಾನು ಸಿಕ್ಕಿದ ಮೇಲೆ ಆ ಸೀರಿಯಲ್ ಯಾರಿಗೂ ಬೇಡ, ಹಾಲಲ್ಲಿ ಮೆತ್ತಗಾಗಿ ಬಟ್ಟಲಲ್ಲೇ ಉಳೀತಿತ್ತು. ಅಮೆರಿಕದಲ್ಲಿ ಬೆಳೆದ ನಮ್ಮಂಥ ಕನ್ನಡದ ಮನೆಗಳಲ್ಲೂ ಶನಿವಾರ ಬೆಳಗ್ಗೆ ಅಂದ್ರೆ ಕಾರ್ಟೂನು, ಕಾರ್ಟೂನ್ ಮಧ್ಯೆ ಸೀರಿಯಲ್ ಆಡ್, ಮಧ್ಯಾಹ್ನ ಅಂಗಡೀಲಿ ಹಠ.

ತಿಂಡಿ ಜೊತೆ ಏನಾದ್ರೂ ಕೊಟ್ಟು ಮಕ್ಕಳನ್ನ ಸೆಳೆಯೋ ಈ ಉಪಾಯ ತುಂಬಾ ಹಳೇದು. 1909ರಲ್ಲೇ ಕೆಲಾಗ್ ಕಂಪನಿ ಎರಡು ಪೊಟ್ಟಣ ಕಾರ್ನ್‌ಫ್ಲೇಕ್ಸ್ ತಗೊಂಡೋರಿಗೆ ಪ್ರಾಣಿಗಳ ಚಿತ್ರದ ಪುಸ್ತಕ ಕೊಡ್ತಿತ್ತು. ನನಗೆ ಹೊಟ್ಟೆ ಉರಿಯೋದು 1955ರ ಕಥೆಗೆ. ಕ್ವೇಕರ್ ಓಟ್ಸ್‌ನೋರು ಕೆನಡಾದ ಯೂಕಾನ್‌ನಲ್ಲಿ ಸುಮಾರು 19 ಎಕರೆ ತಗೊಂಡು ಒಂದೊಂದು ಚದರ ಇಂಚಿಗೆ ಒಂದೊಂದು ಜಮೀನಿನ ಪತ್ರ ಮಾಡಿ ಸೀರಿಯಲ್ ಜೊತೆ ಹಂಚಿದ್ರು, 2 ಕೋಟಿ 10 ಲಕ್ಷ ಪತ್ರ. ಮಕ್ಕಳು ನಮ್ದೂ ಜಮೀನಿದೆ ಅಂತ ಎತ್ತಿಟ್ಕೊಂಡ್ರು, ಆದ್ರೆ ಒಂದೂ ರಿಜಿಸ್ಟರ್ ಆಗಿರ್ಲಿಲ್ಲ, ಕಡೆಗೆ 1965ರಲ್ಲಿ 37 ಡಾಲರ್ 20 ಸೆಂಟ್ ಕಂದಾಯ ಬಾಕಿಗೆ ಜಮೀನೇ ಸರ್ಕಾರಕ್ಕೆ ಹೋಯ್ತು. ಮಗು ನಂಬುತ್ತೆ ಅನ್ನೋದೊಂದೇ ಇವರ ಬಂಡವಾಳ.

ಈಗ ನಾನಿರೋದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಮಾಂಟ್ರಿಯಲ್‌ನಲ್ಲಿ. ಮಕ್ಕಳಿಗೆ ಆಡ್ ತೋರಿಸೋ ವಿಷಯ ಅಮೆರಿಕದಲ್ಲೂ ಇಲ್ಲೂ ಒಂದೇ ಕಾಲಕ್ಕೆ ಎದ್ದಿತ್ತು ಅಂತ ಇಲ್ಲಿಗೆ ಬಂದ್ಮೇಲೆ ಗೊತ್ತಾಯ್ತು. 1978ರಲ್ಲಿ ವ್ಯಾಪಾರದ ಮೇಲೆ ಕಣ್ಣಿಡೋ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಚಿಕ್ಕ ಮಕ್ಕಳಿಗೆ ತೋರಿಸೋ ಟೀವಿ ಆಡ್‌ಗೆ ಕಡಿವಾಣ ಹಾಕೋಣ ಅಂತ ಹೊರಟ್ರೆ ಕಂಪನಿಗಳು ಮೇಲೆ ಬಿದ್ವು, 1980ರಲ್ಲಿ ಅಲ್ಲಿನ ಸಂಸತ್ತೇ ಎಫ್‌ಟಿಸಿ ಕೈ ಕಟ್ಟಿಹಾಕ್ತು. ಅದೇ 1980ರಲ್ಲಿ ಕ್ವಿಬೆಕ್‌ನಲ್ಲಿ 13 ವರ್ಷದೊಳಗಿನ ಮಕ್ಕಳಿಗೆ ಆಡ್ ಮಾಡಬಾರದು ಅನ್ನೋ ಕಾನೂನು ಜಾರಿಗೆ ಬಂತು. ಆಟದ ಸಾಮಾನಿನ ಕಂಪನಿಯೊಂದು ಇದರ ವಿರುದ್ಧ ಕೆನಡಾದ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 1989ರಲ್ಲಿ ಸೋತಿದೆ. ನನ್ನ ಮಗಳು ಕಾರ್ಟೂನ್ ನೋಡಿ "ಅಪ್ಪಾ ಅದು ಬೇಕು" ಅನ್ನೋದು ನಾನು ಅನ್ನುತ್ತಿದ್ದಷ್ಟು ಇಲ್ಲ, ಇದಕ್ಕೆ ಈ ಊರಿಗೆ ನಾನು ನಿಜವಾಗ್ಲೂ ಋಣಿ.

ಆದ್ರೆ ಒಂದು ಕಿಂಡಿ ಬಿಟ್ಟಿದ್ದಾರೆ, ಡಬ್ಬದ ಮೇಲಿನ ಚಿತ್ರಕ್ಕೆ, ಅಂಗಡಿಯ ಶೆಲ್ಫಿಗೆ ಈ ಕಾನೂನು ಇಲ್ಲ. ಚಿಲಿ ದೇಶ 2016ರಲ್ಲಿ ಅದನ್ನೂ ಮುಚ್ತು, ಸಕ್ಕರೆ ಜಾಸ್ತಿ ಅನ್ನೋ ಕಪ್ಪು ಚೀಟಿ ಬಿದ್ದ ಡಬ್ಬದ ಮೇಲೆ ಕಾರ್ಟೂನ್ ಇರಂಗಿಲ್ಲ, ಒಳಗೆ ಆಟದ ಸಾಮಾನೂ ಇರಂಗಿಲ್ಲ. ಇಲ್ಲೂ ಹಂಗೇ ಆಗ್ಬೇಕು ಅಂತೀನಿ ನಾನು. ಕೈಗೆ ಸಾಮಾನು ಸಿಕ್ಕಾಗಿನ ನಮ್ಮ ಖುಷಿ ಸುಳ್ಳಾಗಿರ್ಲಿಲ್ಲ, ಅದನ್ನ ಹಿಡ್ಕೊಂಡೇ ತಾನೇ ಅವರು ಇಷ್ಟು ವರ್ಷ ಸಕ್ಕರೆ ಮಾರಿದ್ದು.

ಮೊನ್ನೆ ಅಂಗಡೀಲಿ ಮಗಳು ಕೆಳಗಿನ ಶೆಲ್ಫ್ ಮುಂದೆ ನಿಂತುಬಿಟ್ಟಳು. ನಾನೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದೆ, ಆ ಎತ್ತರಕ್ಕೆ ಡಬ್ಬದ ಮೇಲಿನ ಅಷ್ಟೂ ಪ್ರಾಣಿಗಳು ನೆಟ್ಟಗೆ ನಮ್ಮ ಕಣ್ಣನ್ನೇ ನೋಡ್ತಿದ್ವು.