ಗುಂಡು ಎಷ್ಟೋ ಮಕ್ಕಳು ಅಷ್ಟು

ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನಲ್ಲಿ ಮನೆ ಮಾಡಿದವರಿಗೆ ಒಂದಲ್ಲ ಒಂದು ದಿನ ಲವ್‌ಸ್ಪೂನ್, ಅಂದರೆ ಹಿಂದೆ ಇಲ್ಲಿನ ಹುಡುಗರು ಮೆಚ್ಚಿದ ಹುಡುಗಿಗೆಂದು ಕೆತ್ತಿ ಕೊಡುತ್ತಿದ್ದಂಥ ಮರದ ಚಮಚ, ಉಡುಗೊರೆಯಾಗಿ ಬಂದೇ ಬರುತ್ತದೆ. ಹೆಸರಿಗೆ ಚಮಚವಾದರೂ ಗೋಡೆಗೆ ನೇತುಹಾಕಿ ಧೂಳು ಒರೆಸುವುದೊಂದೇ ಅದರ ಉಪಯೋಗ. ಈ ಬೆಳಿಗ್ಗೆಯೂ ಹಳೆಯ ಟೂತ್‌ಬ್ರಷ್ ಹಿಡಿದು ಮರದ ಸರಪಳಿಯ ಸಂದುಗಳನ್ನೆಲ್ಲ ಉಜ್ಜಿದೆನಾದರೂ, ಹಿಡಿಯಲ್ಲಿ ಕೆತ್ತಿರುವ ಪುಟ್ಟ ಪಂಜರದೊಳಗಿನ ಧೂಳು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಒಳಗಿನ ಮರದ ಗುಂಡುಗಳು ಹೊರಗೆ ಬರುವುದಿಲ್ಲ, ಹೊರಗಿನ ಬಟ್ಟೆ ಒಳಗೆ ಹೋಗುವುದಿಲ್ಲ.

ಧೂಳನ್ನಾದರೂ ಸಹಿಸಬಹುದು, ಹಾಸನದಿಂದ ಬಂದಿರುವ ಅತ್ತೆಯವರ ವ್ಯಾಖ್ಯಾನವನ್ನು ಸಹಿಸುವುದು ಕಷ್ಟ. ಚಮಚದೊಂದಿಗೆ ಬಂದಿದ್ದ ಚೀಟಿಯನ್ನು ಮಗನಿಂದ ಓದಿಸಿ ಬಾಯಿಪಾಠ ಮಾಡಿಕೊಂಡಿರುವ ಅವರು, ಮನೆಗೆ ಬಂದವರನ್ನೆಲ್ಲ ಅದರ ಮುಂದೆ ನಿಲ್ಲಿಸಿಕೊಂಡು, ಹೃದಯವೆಂದರೆ ಪ್ರೀತಿ, ಚಕ್ರವೆಂದರೆ ನಿನಗಾಗಿ ದುಡಿಯುತ್ತೇನೆಂಬ ಮಾತು, ಬೀಗವೆಂದರೆ ಮನೆಗೆ ಭದ್ರತೆ ಎಂದು ಮೇಲಿನಿಂದ ಕೆಳಗೆ ಇಳಿಯುತ್ತಾ ಪಂಜರದ ಬಳಿ ನಿಲ್ಲುತ್ತಾರೆ. “ಗುಂಡು ಎಷ್ಟೋ ಮಕ್ಕಳು ಅಷ್ಟಂತೆ. ಎಣಿಸಿ ನೋಡಿ, ನಾಲ್ಕಿವೆ.” ಬಳಿಕ ನಮ್ಮ ಒಬ್ಬಳೇ ಮಗಳತ್ತ ನೋಡಿ, ನಿಧಾನವಾಗಿ ನನ್ನತ್ತ ತಿರುಗುತ್ತಾರೆ. ಬಾಯ್ಲರ್ ರಿಪೇರಿಗೆ ಬಂದ ಹುಡುಗ ವೇಲ್ಸ್‌ನವನೇ. ಅವನಿಗೂ ಕೈಸನ್ನೆಯಲ್ಲೇ ಪಾಠವಾಯಿತು. ಪಾಪ, ವಿಧೇಯನಾಗಿ ಬೆರಳಿಟ್ಟು ಎಣಿಸಿ, ಮಗಳನ್ನು ನೋಡಿ, ಅವನೂ ನನ್ನತ್ತ ತಿರುಗಿದ. ಅವು ಪಂಜರದಲ್ಲಿ ಸೆರೆಯಾದ ಪ್ರೀತಿಯ ಗುರುತು ಎಂದೂ ಹೇಳುತ್ತಾರೆ ಎಂದು ನಾನು ವಾದಿಸಿದರೆ, “ಎರಡೂ ಒಂದೇ ಅಲ್ಲವೇನಮ್ಮಾ?” ಎಂದು ಅತ್ತೆಯವರು ಬಾಯಿ ಮುಚ್ಚಿಸುತ್ತಾರೆ.

ಇಲ್ಲಿಗೆ ಹತ್ತಿರದ ಸೇಂಟ್ ಫೇಗನ್ಸ್ ವಸ್ತುಸಂಗ್ರಹಾಲಯದಲ್ಲಿ 1667ರ ಇಸವಿ ಹೊತ್ತ ಚಮಚವೊಂದಿದೆ. ಆ ಕಾಲದ ಹುಡುಗರು ಅರ್ಥದ ಚೀಟಿ ಕಟ್ಟಿ ಕೊಟ್ಟವರಲ್ಲ. ಈಗ ನಾವು ಉರುಹೊಡೆಯುವ ಎಷ್ಟೋ ಅರ್ಥಗಳು ಉಡುಗೊರೆ ಅಂಗಡಿಗಳ ಕಾಲದಲ್ಲಿ ಗಟ್ಟಿಯಾದವು. ಅಂಟಿಲ್ಲದೆ, ಮೊಳೆಯಿಲ್ಲದೆ, ಒಂದೇ ಮರದ ತುಂಡಿನೊಳಗೆ ಪಂಜರವನ್ನೂ ಅದರೊಳಗೆ ಗುಂಡನ್ನೂ ಚೂರಿಯಿಂದ ಬಿಡಿಸುವುದೆಂದರೆ, ಕೈ ಒಮ್ಮೆ ಜಾರಿದರೂ ಎಲ್ಲ ಮೊದಲಿನಿಂದ. ಅಷ್ಟು ಮಾಡಿ ಕೊಟ್ಟ ಚಮಚವನ್ನು ಹುಡುಗಿ ಬೇಡವೆಂದಿದ್ದರೆ ಅವನು ಏನು ಮಾಡುತ್ತಿದ್ದನೋ ಎಂದು, ಬ್ರಷ್ ಹಿಡಿದ ಕೈಯಲ್ಲೇ ಕೆಲವೊಮ್ಮೆ ಯೋಚಿಸುತ್ತೇನೆ.

ಅತ್ತೆಯವರಿಗೆ ಅಂಥ ಚಿಂತೆಗಳಿಲ್ಲ. ನಿನ್ನೆ ತಮ್ಮನ ಮಗನ ಮದುವೆಗೆಂದು ಚಮಚ ಕೊಳ್ಳಲು ಹೋಗಿ, ಇದ್ದಬದ್ದ ಪಂಜರಗಳನ್ನೆಲ್ಲ ಕಿವಿಯ ಬಳಿ ಅಲ್ಲಾಡಿಸಿ ನೋಡಿ, ಕೊನೆಗೆ ಎರಡೇ ಗುಂಡುಗಳಿರುವುದನ್ನು ಆರಿಸಿದರು. ಏಕೆಂದು ಕೇಳಿದ್ದಕ್ಕೆ, “ಬೆಂಗಳೂರಿನ ಸ್ಕೂಲ್ ಫೀಸು ನಿನಗೆ ಗೊತ್ತಿಲ್ಲ,” ಎಂದರು.