ಗುರುವಾರದ ಬೈಗುಳ

ಭಾನುವಾರ ಸಂಜೆ ಐದಾಯಿತು ಅಂದರೆ ನನಗೆ ಹೊಟ್ಟೆ ನುಲಿಯೋಕೆ ಶುರುವಾಗುತ್ತಿತ್ತು. ಮಧ್ಯಾಹ್ನದ ಊಟ ಜಾಸ್ತಿಯಾಯಿತೇನೋ ಅಂದುಕೊಂಡು ಜೀರಿಗೆ ಕಷಾಯ ಕುಡಿಯುತ್ತಿದ್ದೆ. ಒಂದು ಭಾನುವಾರ ಮಾರನೇ ದಿನದ ಚೂಡಿದಾರಕ್ಕೆ ಇಸ್ತ್ರಿ ಹಾಕುತ್ತಿದ್ದಾಗ ಫೋನ್ ಟಿಣ್ ಅಂದಿತು. ಆಫೀಸಿನ ಗ್ರೂಪು ಅಂತ ಕೈ ನಡುಗಿಹೋಯಿತು. ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆ ಮೇಲೇ ಬಿಟ್ಟು ಓಡಿದೆ. ಬಂದಿದ್ದು ಗ್ಯಾಸ್ ಬುಕಿಂಗ್ ಮೆಸೇಜು. ವಾಪಸ್ ಬರುವಷ್ಟರಲ್ಲಿ ದುಪಟ್ಟಾ ಸುಟ್ಟಿತ್ತು. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಆಗ ನಾನು ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತಿದ್ದೆ. ನಮ್ಮ ಮ್ಯಾನೇಜರ್ ಎಲ್ಲರೆದುರೇ ಬೈಯುತ್ತಿದ್ದರು. "ನಿಮಗೆ ಸಂಬಳ ಕೊಡೋದೇ ದಂಡ" ಅನ್ನೋ ಮಾತು ಎಷ್ಟು ಸಲ ಕೇಳಿದ್ದೇನೋ. ರಾತ್ರಿ ಹತ್ತೂವರೆಗೆ ಫೋನು. ಎತ್ತದಿದ್ದರೆ ಬೆಳಗ್ಗೆ ಅದಕ್ಕೂ ಮಾತು. ಅಮ್ಮ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳೇ, ಎಲ್ಲಾ ಕಡೆ ಇರೋದೇ" ಅಂದಳು. ಫ್ರೆಂಡ್ಸ್ "ಬಿಟ್ಟು ಬಿಸಾಕು" ಅಂದರು. ಐದನೇ ತಾರೀಖಿಗೆ ಮನೆ ಸಾಲದ ಕಂತು ಕಟ್ಟಬೇಕಲ್ಲ, ಬಿಸಾಕೋದು ಹೇಗೆ?

ಹಾಗೆ ಬಿಡೋಕಾಗದೆ ಇನ್ನೂ ಅಲ್ಲೇ ಇರುವವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ.

ಪಕ್ಕದ ಸೀಟಿನ ಹುಡುಗಿ ಒಂದು ದಿನ ಹೇಳಿದಳು, "ಅಕ್ಕ, ಏನಂದ್ರು, ಯಾವತ್ತು ಅಂದ್ರು, ಯಾರ್ಯಾರಿದ್ರು, ಎಲ್ಲಾ ಬರೆದಿಟ್ಕೊಳ್ಳಿ. ಮುಂದೆ ಕಂಪ್ಲೇಂಟ್ ಕೊಡೋಕೆ ಬೇಕಾಗತ್ತೆ." ಎರಡು ತಿಂಗಳು ಬರೆದೆ. ಒಂದು ರಾತ್ರಿ ಸುಮ್ನೆ ಪುಟ ತಿರುಗಿಸುತ್ತಿದ್ದಾಗ ಕಣ್ಣಿಗೆ ಬಿತ್ತು. ಜೋರು ಗಲಾಟೆಗಳೆಲ್ಲ ಗುರುವಾರವೇ ಆಗಿದ್ದವು! ಗುರುವಾರ ಬೆಳಗ್ಗೆ ಅವರಿಗೆ ಹೆಡ್ ಆಫೀಸಿನ ರಿವ್ಯೂ ಇರುತ್ತಿತ್ತು. ಅಲ್ಲಿ ತಿಂದಿದ್ದನ್ನು ತಂದು ನಮ್ಮ ಮೇಲೆ ಸುರಿಯುತ್ತಿದ್ದರು. ಒಂದು ಮಂಗಳವಾರ ನಾನು ನಿಜವಾಗಿಯೂ ಜಿಎಸ್‌ಟಿ ಲೆಕ್ಕದಲ್ಲಿ ತಪ್ಪು ಮಾಡಿದ್ದೆ. ಅವತ್ತು ಒಂದು ಮಾತೂ ಆಡಿರಲಿಲ್ಲ.

ನನ್ನ ಯೋಗ್ಯತೆ ಇಷ್ಟೇ ಅಂತ ದಿನಾ ಮನೆಗೆ ಹೊತ್ತು ತಂದಿದ್ದು ನನ್ನದೇ ಆಗಿರಲಿಲ್ಲ. ಅದು ಗೊತ್ತಾದ ಮೇಲೆ ಅವರ ಬಗ್ಗೆ ಕನಿಕರವೇನೂ ಬರಲಿಲ್ಲ. ಮೇಲಿನವರಿಂದ ಬೈಸಿಕೊಂಡವರೆಲ್ಲ ಕೆಳಗಿನವರನ್ನು ಬೈಯೋದಿಲ್ಲ ಅಲ್ವಾ?

ಇನ್ನೊಂದು ಕೆಲಸ ಮಾಡಿದೆ. ರಾತ್ರಿ ಫೋನಲ್ಲಿ ಹೇಳಿದ್ದನ್ನು ಬೆಳಗ್ಗೆ ಮೇಲ್ ಹಾಕಿ, "ನಿನ್ನೆ ರಾತ್ರಿ 10.40ಕ್ಕೆ ತಾವು ಹೇಳಿದ ಕೆಲಸ ಇದೇ ತಾನೇ ಸರ್?" ಅಂತ ಕೇಳತೊಡಗಿದೆ. ಜಗಳವಿಲ್ಲ, ಎದುರು ಮಾತಿಲ್ಲ. ಟೈಮು ಬರವಣಿಗೆಯಲ್ಲಿ ಕಾಣೋಕೆ ಶುರುವಾದ ಮೇಲೆ ಫೋನು ತಾನಾಗೇ ಕಮ್ಮಿಯಾಯಿತು. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಬರೆದವರು 1961ರಲ್ಲೇ ಕೆಲಸದ ಹೊತ್ತಿಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅಂತ ಗೆರೆ ಎಳೆದಿದ್ದರು.

ಆದರೆ ನಿದ್ದೆ ಮಾತ್ರ ಬರಲಿಲ್ಲ. ಮೂರು ಗಂಟೆಗೆ ಎಚ್ಚರವಾಗಿ ಎದೆ ಡವಡವ. ಕೊನೆಗೆ ಒಂದು ರಾತ್ರಿ ಟೆರೇಸಿಗೆ ಹೋಗಿ, ನೀರಿನ ಟ್ಯಾಂಕ್ ಪಕ್ಕ ಕೂತು 14416ಕ್ಕೆ ಫೋನ್ ಮಾಡಿದೆ. ಇದು ಟೆಲಿ ಮಾನಸ್, ಮನಸ್ಸಿಗೆ ಕಷ್ಟವಾದಾಗ ಮಾತಾಡೋಕೆ ಇರುವ ಸಹಾಯವಾಣಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ್ದು. ನಮ್ಮ ನಿಮ್ಹಾನ್ಸೇ ಇದರ ಮುಖ್ಯ ಕೇಂದ್ರ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯವರು ಬಾಸ್ ಬಗ್ಗೆ ಕೇಳಲಿಲ್ಲ. "ಊಟ ಸೇರತ್ತಾ? ನಿದ್ದೆ ಎಷ್ಟು ಹೊತ್ತು?" ಅಂದರು. ಅಷ್ಟು ತಿಂಗಳಲ್ಲಿ ಇದನ್ನು ಯಾರೂ ನನ್ನ ಕೇಳಿರಲಿಲ್ಲ. ಅವರೇ ಮನೋವೈದ್ಯರನ್ನು ನೋಡಿ ಅಂದರು. ಹೋದೆ. ಕೆಲವು ತಿಂಗಳು ಮಾತ್ರೆ ತಗೊಂಡೆ. ಇದನ್ನು ಮುಚ್ಚಿಡೋದು ಯಾಕೆ? ಮನಸ್ಸಿನ ಕಾಯಿಲೆಗೂ ಮೈಯ ಕಾಯಿಲೆಯ ಹಾಗೇ ಇನ್ಶೂರೆನ್ಸ್ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತೆ. ನಿಮ್ಮ ಪಾಲಿಸಿಯನ್ನು ಒಮ್ಮೆ ತೆಗೆದು ಓದಿ.

ಏಳು ತಿಂಗಳ ನಂತರ ಬೇರೆ ಕೆಲಸ ಸಿಕ್ಕಿತು. ಸಂಬಳ ಸ್ವಲ್ಪ ಕಮ್ಮಿ. ಕಂತು ಹೇಗೋ ನಡೆಯುತ್ತಿದೆ. ಆ ಹುಡುಗಿ ಇನ್ನೂ ಅಲ್ಲೇ ಇದ್ದಾಳೆ. ಗುರುವಾರ ಸಂಜೆ ನಾನೇ ಅವಳಿಗೆ ಫೋನ್ ಮಾಡುತ್ತೇನೆ.

ಇದನ್ನು ಓದುತ್ತಿರುವ ಯಾರಿಗಾದರೂ ಆ ನಂಬರಿಗೆ ಫೋನ್ ಮಾಡೋಕೆ ಭಯವಾಗುತ್ತಿದ್ದರೆ ನನಗೆ ಮೆಸೇಜ್ ಹಾಕಿ. ಊರಲ್ಲೇ ಇದ್ದರೆ ಬರ್ತೀನಿ. ನೀವು ಮಾತಾಡಿ ಮುಗಿಸೋವರೆಗೂ ಪಕ್ಕದಲ್ಲಿ ಕೂತಿರ್ತೀನಿ.